ಚಳಿಗಾಲದ ರಜೆಯಲ್ಲಿ ಮಿತವ್ಯಯದ ಹೋಮ್ ಥಿಯೇಟರ್: ನನ್ನ ಅನುಭವ

ಮನೆಯಲ್ಲಿ ಸಿನಿಮಾ ನೋಡುವ ವ್ಯವಸ್ಥೆಗೆ ಮೀಸಲಿಟ್ಟ ಹಣ ಕಡಿಮೆಯಿದ್ದರೆ ಅದರ ದೊಡ್ಡ ಪಾಲು ಧ್ವನಿಗೆ ಹೋಗಬೇಕು. ಕಳೆದ ಚಳಿಗಾಲದ ರಜೆಯಲ್ಲಿ ನಮ್ಮ ಹೋಮ್ ಥಿಯೇಟರ್ ಜೋಡಿಸುವಾಗ ನಾನು ಪಾಲಿಸಿದ ಮೊದಲ ನಿಯಮ ಇದೇ. ಸಾಧಾರಣ ಟಿ.ವಿ.ಯೂ ಇಂದು ಸಾಕಷ್ಟು ಒಳ್ಳೆಯ ಚಿತ್ರ ಕೊಡುತ್ತದೆ. ಆದರೆ ತೆಳ್ಳಗಿನ ಆ ಪೆಟ್ಟಿಗೆಯೊಳಗೆ ಒಂದು ಸರಿಯಾದ ಸ್ಪೀಕರ್ ಕೂರುವಷ್ಟು ಜಾಗವಿರುವುದಿಲ್ಲ, ಇರುವ ಪುಟ್ಟ ಸ್ಪೀಕರ್‌ಗಳೂ ಬಹುಪಾಲು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿಕೊಂಡಿರುತ್ತವೆ. ಹೀಗಾಗಿ ಮನೆಯಲ್ಲಿದ್ದ 55 ಇಂಚಿನ ಟಿ.ವಿ.ಯನ್ನೇ ಉಳಿಸಿಕೊಂಡೆ, ಪ್ರೊಜೆಕ್ಟರಿನ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟೆ, ಕೈಯಲ್ಲಿದ್ದ ಹಣವನ್ನೆಲ್ಲ ಸ್ಪೀಕರ್‌ಗಳಿಗೆ ಧ್ವನಿ ಹಂಚಿ ಶಕ್ತಿ ಕೊಡುವ ಒಂದು ರಿಸೀವರ್, ಮುಂದಿನ ಮೂರು ಸ್ಪೀಕರ್ ಮತ್ತು ಮಂದ್ರ ಸ್ವರಗಳಿಗೆಂದೇ ಇರುವ ಒಂದು ಸಬ್‌ವೂಫರಿಗೆ ಹಂಚಿದೆ.

ಈ ಕೆಲಸಕ್ಕೆ ವರ್ಷದ ಕೊನೆಯ ರಜೆ ಹೇಳಿ ಮಾಡಿಸಿದ ಸಮಯ. ರಾತ್ರಿ ದೀರ್ಘವಾಗಿರುವುದರಿಂದ ಕೋಣೆ ಬೇಗ ಕತ್ತಲಾಗುತ್ತದೆ, ಕಿಟಕಿಗಳು ಮುಚ್ಚಿರುವುದರಿಂದ ಹೊರಗಿನ ಸದ್ದು ಕಡಿಮೆ, ಮನೆಯವರೆಲ್ಲ ಒಟ್ಟಿಗೆ ಕೂರುವ ಬಿಡುವೂ ಇರುತ್ತದೆ. ಅಂಗಡಿಗಳು ಹಿಂದಿನ ವರ್ಷದ ಮಾದರಿಗಳನ್ನು ಖಾಲಿ ಮಾಡಲು ಬಯಸುವುದೂ, ಹೊಸದನ್ನು ಕೊಂಡವರು ಹಳೆಯದನ್ನು ಮಾರಲು ಇಡುವುದೂ ಇದೇ ದಿನಗಳಲ್ಲಿ. ರಿಯಾಯಿತಿಯ ಫಲಕ ನೋಡಿ ಹೊರಡುವ ಬದಲು ಬೇಕಾದ ವಸ್ತುಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು ಅದಕ್ಕೆ ಅಂಟಿಕೊಂಡರೆ ಈ ಅನುಕೂಲ ನಿಜಕ್ಕೂ ದಕ್ಕುತ್ತದೆ.

ರಿಸೀವರನ್ನು ನಾನು ಬಳಸಿದ್ದನ್ನೇ ಕೊಂಡೆ. ಅದು 4ಕೆ ಚಿತ್ರವನ್ನು ದಾಟಿಸಲಾರದಷ್ಟು ಹಳೆಯದು ಎಂಬ ಕಾರಣಕ್ಕೇ ಬೆಲೆ ಇಳಿದಿತ್ತು; ನನಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಸಿನಿಮಾ ಬರುವ ಸಾಧನಗಳನ್ನೆಲ್ಲ ನೇರವಾಗಿ ಟಿ.ವಿ.ಗೆ ಸೇರಿಸಿ, ಧ್ವನಿಯನ್ನು ಮಾತ್ರ ಟಿ.ವಿ.ಯಿಂದ ರಿಸೀವರಿಗೆ ಎಆರ್‌ಸಿ (ಎಚ್‌ಡಿಎಂಐ ತಂತಿಯಲ್ಲೇ ಧ್ವನಿಯನ್ನು ಟಿ.ವಿ.ಯಿಂದ ಹಿಂದಕ್ಕೆ ಒಯ್ಯುವ ಸೌಲಭ್ಯ) ಮೂಲಕ ಕಳುಹಿಸಿದರೆ ಚಿತ್ರಕ್ಕೂ ರಿಸೀವರಿಗೂ ಸಂಬಂಧವೇ ಉಳಿಯುವುದಿಲ್ಲ. ಎಆರ್‌ಸಿ 2009ರ ಎಚ್‌ಡಿಎಂಐ 1.4ರ ಜೊತೆಗೇ ಬಂದ ಸೌಲಭ್ಯವಾದ್ದರಿಂದ ಹತ್ತು ವರ್ಷ ಹಳೆಯ ರಿಸೀವರಿನಲ್ಲೂ ಸಾಮಾನ್ಯವಾಗಿ ಸಿಗುತ್ತದೆ, ಡಾಲ್ಬಿ ಡಿಜಿಟಲ್‌ನ 5.1 ಧ್ವನಿಯನ್ನು, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರಿನ ಧ್ವನಿಯನ್ನು, ಅದು ಸಲೀಸಾಗಿ ಒಯ್ಯುತ್ತದೆ. ಡಿಸ್ಕ್‌ಗಳಲ್ಲಿರುವ ಡಾಲ್ಬಿ ಟ್ರೂಎಚ್‌ಡಿಯಂತಹ ನಷ್ಟವಿಲ್ಲದ ಧ್ವನಿ ಹೀಗೆ ಟಿ.ವಿ.ಯ ಮೂಲಕವೇ ಬೇಕೆನ್ನುವವರಿಗೆ ಮಾತ್ರ ಟಿ.ವಿ. ಮತ್ತು ರಿಸೀವರ್ ಎರಡರಲ್ಲೂ ಎಆರ್‌ಸಿಯ ಸುಧಾರಿತ ರೂಪವಾದ ಇಎಆರ್‌ಸಿ ಇರಬೇಕಾಗುತ್ತದೆ.

ರಿಸೀವರಿನ ವ್ಯಾಟ್ ಸಂಖ್ಯೆಯ ಬಗ್ಗೆ ಅಂಗಡಿಯಲ್ಲಿ ಬಹಳ ಮಾತು ಕೇಳಿಬರುತ್ತದೆ. 80 ವ್ಯಾಟ್ ಮತ್ತು 100 ವ್ಯಾಟ್‌ಗಳ ನಡುವಿನ ಅಂತರ ಕೇವಲ ಒಂದು ಡೆಸಿಬೆಲ್ಲಿನಷ್ಟು. ಕಿವಿಗೆ ಅದು ತಿಳಿಯುವುದೇ ಕಷ್ಟ. ಅದಕ್ಕಿಂತ ಸ್ಪೀಕರಿನ ಸಂವೇದನಾಶೀಲತೆ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅದು ಎಷ್ಟು ಡೆಸಿಬೆಲ್ ಹೊರಡಿಸುತ್ತದೆ ಎಂಬುದು ಮುಖ್ಯ. 86 ಡೆಸಿಬೆಲ್ಲಿನ ಸ್ಪೀಕರಿಗೆ ಬೇಕಾಗುವ ಶಕ್ತಿಯ ಅರ್ಧದಲ್ಲೇ 89 ಡೆಸಿಬೆಲ್ಲಿನ ಸ್ಪೀಕರ್ ಅಷ್ಟೇ ಜೋರಾಗಿ ನುಡಿಯುತ್ತದೆ. ಹಳೆಯ, ಮಧ್ಯಮ ಶಕ್ತಿಯ ರಿಸೀವರನ್ನು ನಂಬಿ ನಡೆಯುವವರು ಈ ಅಂಕಿಯನ್ನು ನೋಡಿಯೇ ಸ್ಪೀಕರ್ ಆರಿಸಬೇಕು.

ಮುಂದಿನ ಎಡ, ಬಲ ಸ್ಪೀಕರ್‌ಗಳೂ ಬಳಸಿದವೇ. ಅವುಗಳನ್ನು ಕೊಳ್ಳುವ ಮೊದಲು ಮುಂದಿನ ಬಲೆಯನ್ನು ತೆಗೆಸಿ, ಮಂದ್ರ ಸ್ವರ ಹೊರಡಿಸುವ ವೂಫರಿನ ಕೋನನ್ನು ಚೌಕಟ್ಟಿಗೆ ಹಿಡಿದಿಡುವ ಅಂಚನ್ನು ಬೆರಳಿನಿಂದ ಮೃದುವಾಗಿ ಸವರಿ ನೋಡಿದೆ. ಆ ಅಂಚು ಫೋಮಿನದ್ದಾಗಿದ್ದರೆ ವರ್ಷಗಳು ಕಳೆದಂತೆ ಪುಡಿಯಾಗಿ ಉದುರುತ್ತದೆ, ರಬ್ಬರಿನದ್ದಾದರೆ ಹೆಚ್ಚು ಬಾಳುತ್ತದೆ. ಕೋನನ್ನು ಎರಡೂ ಬದಿಯಿಂದ ಸಮನಾಗಿ ಸ್ವಲ್ಪವೇ ಒತ್ತಿದಾಗ ಒಳಗಿನಿಂದ ಉಜ್ಜಿದ ಸದ್ದು ಬಂದರೆ ಕೋನನ್ನು ಅಲುಗಿಸುವ ಸುರುಳಿ ಕೆಟ್ಟಿದೆ ಎಂದರ್ಥ. ಅಂಥದ್ದನ್ನು ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡುವುದು ಲೇಸು. ಜೊತೆಗೆ ಒಂದೂವರೆ ವೋಲ್ಟ್‌ನ ಸಾಮಾನ್ಯ ಬ್ಯಾಟರಿಯನ್ನೂ ಎರಡು ತುಂಡು ತಂತಿಯನ್ನೂ ಒಯ್ದಿದ್ದೆ. ಬ್ಯಾಟರಿಯ ಧನ ತುದಿಯನ್ನು ಸ್ಪೀಕರಿನ ಕೆಂಪು ತುದಿಗೆ, ಋಣ ತುದಿಯನ್ನು ಕಪ್ಪು ತುದಿಗೆ ಕ್ಷಣಮಾತ್ರ ತಾಗಿಸಿದರೆ ಕೋನು ಟಕ್ಕನೆ ಮುಂದಕ್ಕೆ ಬರಬೇಕು. ಹಿಂದಕ್ಕೆ ಸರಿದರೆ ಒಳಗಿನ ತಂತಿಗಳನ್ನು ಯಾರೋ ಅದಲುಬದಲು ಮಾಡಿರಬಹುದು. ಎರಡರಲ್ಲಿ ಒಂದು ಹಾಗೆ ತಿರುಗುಮುರುಗಾಗಿದ್ದರೂ ಜೋಡಿಯ ಮಂದ್ರ ಸ್ವರಗಳು ಪರಸ್ಪರ ಅಳಿಸಿಕೊಂಡು ಧ್ವನಿ ತೆಳುವಾಗುತ್ತದೆ.

ನಡುವಿನ ಸ್ಪೀಕರಿನ ವಿಷಯದಲ್ಲಿ ಮಾತ್ರ ನಾನು ಕೈ ಬಿಗಿಹಿಡಿಯಲಿಲ್ಲ. ಸಿನಿಮಾದ ಸಂಭಾಷಣೆಯ ಬಹುಪಾಲು ಬರುವುದೇ ಅದರಿಂದ. ಎಡ, ಬಲ ಸ್ಪೀಕರ್‌ಗಳನ್ನು ತಯಾರಿಸಿದ ಸಂಸ್ಥೆಯ ಅದೇ ಸರಣಿಯದನ್ನು ಹುಡುಕಿ ತಂದೆ, ಏಕೆಂದರೆ ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದುಹೋಗುವ ಪಾತ್ರದ ಕಂಠ ಮಧ್ಯದಲ್ಲಿ ಬಣ್ಣ ಬದಲಿಸಬಾರದು. ಅದನ್ನು ಟಿ.ವಿ.ಯ ಕೆಳಗಿನ ಕಪಾಟಿನ ಮುಂದಿನ ಅಂಚಿಗೆ ಸರಿಯಾಗಿ ಎಳೆದಿಟ್ಟು, ಮುಂಭಾಗದ ಅಡಿಗೆ ಎರಡು ರಬ್ಬರ್ ತುಂಡುಗಳನ್ನು ಕೊಟ್ಟು, ಮುಖ ತುಸು ಮೇಲಕ್ಕೆತ್ತಿ ಕುಳಿತವರ ಕಿವಿಗೆ ನೇರವಾಗುವಂತೆ ಮಾಡಿದೆ. ಕಪಾಟಿನ ಒಳಕ್ಕೆ ತಳ್ಳಿಟ್ಟಾಗ ಮಾತು ಗುಂಯ್‌ಗುಟ್ಟುತ್ತಿತ್ತು, ಮುಂದಕ್ಕೆ ತಂದೊಡನೆ ಅಕ್ಷರ ಅಕ್ಷರವೂ ಬಿಡಿಸಿ ಕೇಳತೊಡಗಿತು. ಪ್ರತಿ ದೃಶ್ಯಕ್ಕೂ ಧ್ವನಿ ಏರಿಸಲು ಹೇಳುತ್ತಿದ್ದ ನಮ್ಮ ತಂದೆಯವರು ಆ ರಜೆಯಲ್ಲಿ ರಿಮೋಟನ್ನು ಕೇಳಲೇ ಇಲ್ಲ. ನನಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಬೇಕಿರಲಿಲ್ಲ.

ಇನ್ನು ಕೋಣೆಯ ವಿಚಾರ. ಒಂದು ಪೈಸೆಯೂ ಖರ್ಚಾಗದ ಈ ಭಾಗಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟೆ. ನಮ್ಮ ಕೋಣೆ 4.2 ಮೀಟರ್ ಉದ್ದ, 3.4 ಮೀಟರ್ ಅಗಲ ಇದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುವುದರಿಂದ ಇಷ್ಟು ಉದ್ದದ ಕೋಣೆಯಲ್ಲಿ ಅರ್ಧ ಅಲೆ ಕೋಣೆಯ ಉದ್ದಕ್ಕೆ ಸರಿಹೊಂದುವ, 41 ಹರ್ಟ್ಸ್‌ನ ಆಸುಪಾಸಿನ ಮಂದ್ರ ಸ್ವರ ಎರಡು ಗೋಡೆಗಳ ನಡುವೆ ನಿಂತ ಅಲೆಯಾಗುತ್ತದೆ. ಗೋಡೆಯ ಬುಡದಲ್ಲಿ ಅದು ಅತಿಯಾಗಿ ಕೇಳಿಸುತ್ತದೆ, ಉದ್ದದ ನಟ್ಟನಡುವೆ ಕುಳಿತರೆ ಬಹುತೇಕ ಕೇಳಿಸುವುದೇ ಇಲ್ಲ. ಆದ್ದರಿಂದ ಸೋಫಾವನ್ನು ಹಿಂದಿನ ಗೋಡೆಗೆ ಒರಗಿಸದೆ, ನಡುವಿಗೂ ತರದೆ, ಕುಳಿತವರ ತಲೆ ಹಿಂಗೋಡೆಯಿಂದ ಸುಮಾರು 1.6 ಮೀಟರ್ ಮುಂದೆ ಬರುವಂತೆ ಇಟ್ಟೆ. ಆಗ ಟಿ.ವಿ. ಕಣ್ಣಿನಿಂದ 2.3 ಮೀಟರ್ ದೂರದಲ್ಲಿ ನಿಂತಿತು. 55 ಇಂಚಿನ ಪರದೆ ಅಷ್ಟು ದೂರದಿಂದ ಸುಮಾರು 30 ಡಿಗ್ರಿಯಷ್ಟು ನೋಟವನ್ನು ತುಂಬುತ್ತದೆ, ಸಿನಿಮಾಕ್ಕೆ ಅದು ಒಪ್ಪುವ ಅಳತೆ. ಎಡ, ಬಲ ಸ್ಪೀಕರ್‌ಗಳ ನಡುವೆಯೂ ಸರಿಸುಮಾರು ಅಷ್ಟೇ ಅಂತರ ಬಿಟ್ಟು, ಅವುಗಳಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಕಿವಿಯ ಎತ್ತರಕ್ಕೆ ಬರುವಂತೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ.

ಸಬ್‌ವೂಫರನ್ನು ಎಲ್ಲಿ ಇಡಬೇಕೆಂಬುದನ್ನು ಕಣ್ಣಿನಿಂದ ತೀರ್ಮಾನಿಸಲು ಸಾಧ್ಯವೇ ಇಲ್ಲ. ನಾನು ಅನುಸರಿಸಿದ ವಿಧಾನ ಹೀಗಿದೆ: ಸಬ್‌ವೂಫರನ್ನು ಎತ್ತಿ ಸೋಫಾದ ಮೇಲೆ, ನಾವು ಕೂರುವ ಜಾಗದಲ್ಲೇ ಇಟ್ಟು, ಮಂದ್ರ ಸ್ವರಗಳು ಏರಿಳಿಯುತ್ತ ಸಾಗುವ ಒಂದು ವಾದ್ಯಸಂಗೀತವನ್ನು ಹಚ್ಚಿದೆ. ಬಳಿಕ ಗೋಡೆಯ ಗುಂಟ ಮೊಣಕಾಲೂರಿ, ಕಿವಿಯನ್ನು ನೆಲದ ಹತ್ತಿರ ಇಟ್ಟುಕೊಂಡು ನಿಧಾನವಾಗಿ ಸರಿಯುತ್ತ ಹೋದೆ. ಮೂಲೆಗೆ ಬಂದಾಗ ಒಂದೇ ಸ್ವರ ಉಬ್ಬಿ ಉಳಿದವನ್ನು ನುಂಗಿತು. ಮೂಲೆ ಬಿಟ್ಟು ಒಂದು ಮೊಳ ಸರಿದಾಗ ಕೆಲವು ಸ್ವರಗಳು ಮಾಯವಾದವು. ಮುಂದಿನ ಗೋಡೆಯಲ್ಲಿ, ಬಲ ಸ್ಪೀಕರಿಗೂ ಟಿ.ವಿ.ಗೂ ನಡುವೆ ಒಂದೆಡೆ ಮಾತ್ರ ಎಲ್ಲ ಸ್ವರಗಳೂ ಒಂದೇ ತೂಕದಲ್ಲಿ ಕೇಳಿದವು. ಶಬ್ದದ ಮೂಲವನ್ನೂ ಕೇಳುವ ಕಿವಿಯನ್ನೂ ಅದಲುಬದಲು ಮಾಡಿದರೂ ನಡುವಿನ ಕೋಣೆಯ ವರ್ತನೆ ಬದಲಾಗದಿರುವುದರಿಂದಲೇ ಈ ಉಪಾಯ ಫಲಿಸುತ್ತದೆ. ಅಲ್ಲಿಗೆ ಸಬ್‌ವೂಫರನ್ನು ತಂದಿಟ್ಟು ಸೋಫಾದಲ್ಲಿ ಕುಳಿತರೆ ಅದೇ ಸಮತೋಲ ಅಲ್ಲೂ ಕೇಳಿಸಿತು.

ಖಾಲಿ ಗೋಡೆಗಳ ಪ್ರತಿಧ್ವನಿಯನ್ನು ಹಿಡಿದಿಡಲು ಚಳಿಗಾಲವೇ ನೆರವಾಯಿತು. ಹೇಗೂ ಹಾಸಿದ್ದ ದಪ್ಪ ಕಾರ್ಪೆಟ್ಟನ್ನು ಸೋಫಾ ಮತ್ತು ಟಿ.ವಿ.ಯ ನಡುವೆ ಬರುವಂತೆ ಎಳೆದೆ, ಕಿಟಕಿಗೆ ದಪ್ಪ ಕರ್ಟನ್ ಇಳಿಬಿಟ್ಟೆ. ಪಕ್ಕದ ಗೋಡೆಗಳಿಗೆ ಸಂಬಂಧಿಸಿದಂತೆ, ನಾನು ಸೋಫಾದಲ್ಲಿ ಕುಳಿತು, ತಂಗಿಯ ಕೈಗೆ ಕನ್ನಡಿ ಕೊಟ್ಟು ಗೋಡೆಯ ಉದ್ದಕ್ಕೂ ಸರಿಸುತ್ತ ಹೋಗಲು ಹೇಳಿದೆ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಧ್ವನಿ ಮೊದಲು ಬಡಿದು ಮರಳುವ ಜಾಗ. ಎರಡೂ ಬದಿಯ ಆ ಜಾಗಗಳಿಗೆ ಮಡಿಸಿದ ದಪ್ಪ ಕಂಬಳಿ ತೂಗುಹಾಕಿದ ಮೇಲೆ ಸಂಭಾಷಣೆ ಇನ್ನಷ್ಟು ತಿಳಿಯಾಯಿತು. ಇವೆಲ್ಲ ಮಂದ್ರ ಸ್ವರಗಳನ್ನು ಹೀರಲಾರವು, ಮೇಲಿನ ಸ್ವರಗಳಿಗಷ್ಟೇ ಕೆಲಸಕ್ಕೆ ಬರುತ್ತವೆ.

ಚಳಿಯಲ್ಲಿ ಪ್ರಯಾಣ ಮಾಡಿ ಬಂದ ಪೆಟ್ಟಿಗೆಗಳನ್ನು ಬೆಚ್ಚಗಿನ ಕೋಣೆಯಲ್ಲಿ ಕೂಡಲೇ ಬಿಚ್ಚಿ ವಿದ್ಯುತ್ ಹಾಯಿಸಬಾರದು. ತಣ್ಣಗಿನ ಲೋಹದ ಮೇಲೆ ತೇವ ಇಬ್ಬನಿಯಂತೆ ಕೂರುವ ಸಾಧ್ಯತೆಯಿರುವುದರಿಂದ ನಾನು ಅವನ್ನು ಹಲವು ಗಂಟೆ ಹಾಗೆಯೇ ಬಿಟ್ಟು ಆಮೇಲೆ ತೆರೆದೆ. ತಂತಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದ್ದಿಲ್ಲ. ಈ ಅಳತೆಯ ಕೋಣೆಗೆ 16 ಗೇಜಿನ ಸಾಮಾನ್ಯ ತಾಮ್ರದ ತಂತಿ ಧಾರಾಳವಾಗಿ ಸಾಕು. ರಿಸೀವರಿನ ಮೇಲೆ ಬೇರೇನನ್ನೂ ಹೇರದೆ ಬಿಸಿ ಹೊರಹೋಗಲು ಜಾಗ ಬಿಡಬೇಕು.

ಸೆಟ್ಟಿಂಗ್‌ಗಳಲ್ಲಿ ಮೂರು ಸಂಗತಿಗಳು ನನಗೆ ಅತಿ ಮುಖ್ಯವೆನಿಸಿದವು. ಟಿ.ವಿ.ಯ ಧ್ವನಿ ಮೆನುವಿನಲ್ಲಿ ಪಿಸಿಎಂ ಎಂದಿದ್ದರೆ ಎಆರ್‌ಸಿಯಲ್ಲಿ ರಿಸೀವರಿಗೆ ಎರಡೇ ಚಾನೆಲ್ ತಲುಪುತ್ತವೆ. ಅದನ್ನು ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂಗೆ ಬದಲಿಸಿದಾಗ ರಿಸೀವರಿನ ಫಲಕದಲ್ಲಿ ಡಾಲ್ಬಿ ಡಿಜಿಟಲ್ ಎಂಬ ಅಕ್ಷರಗಳು ಬೆಳಗುತ್ತವೆ. ರಿಸೀವರಿನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ ‘ಸ್ಮಾಲ್’ ಎಂದು ಗುರುತಿಸಿ ಕ್ರಾಸ್‌ಓವರನ್ನು, ಅಂದರೆ ಸ್ಪೀಕರ್ ಮತ್ತು ಸಬ್‌ವೂಫರ್ ಸ್ವರಗಳನ್ನು ಹಂಚಿಕೊಳ್ಳುವ ಗಡಿಯನ್ನು, 80 ಹರ್ಟ್ಸ್‌ಗೆ ಇಟ್ಟೆ; ಅದಕ್ಕಿಂತ ಕೆಳಗಿನ ಭಾರವನ್ನು ಸಬ್‌ವೂಫರ್ ಹೊರುವುದರಿಂದ ಚಿಕ್ಕ ಸ್ಪೀಕರ್‌ಗಳು ನಿರಾಳವಾಗಿ ನುಡಿಯುತ್ತವೆ. ಆಮೇಲೆ ಪ್ರತಿ ಸ್ಪೀಕರಿನ ದೂರವನ್ನು ಟೇಪಿನಿಂದ ಅಳೆದು ನಮೂದಿಸಿ, ರಿಸೀವರಿನ ಪರೀಕ್ಷಾ ಸದ್ದನ್ನು ಫೋನಿನ ಆ್ಯಪ್‌ನಿಂದ ಅಳೆದು ಎಲ್ಲವೂ ಸಮನಾಗಿ ಕೇಳುವಂತೆ ಮಾಡಿದೆ. ಫೋನಿನ ಅಂಕಿ ನಿಖರವಲ್ಲದಿದ್ದರೂ ಸ್ಪೀಕರ್‌ಗಳನ್ನು ಒಂದಕ್ಕೊಂದು ಹೋಲಿಸಲು ಸಾಕು. ಚಿತ್ರಕ್ಕೆ ಮಾಡಿದ್ದು ಇಷ್ಟೇ: ಸಿನಿಮಾ ಮೋಡ್ ಆರಿಸಿ, ಸೆಕೆಂಡಿಗೆ 24 ಚೌಕಟ್ಟುಗಳ ಸಿನಿಮಾಕ್ಕೆ ಕೃತಕ ಚೌಕಟ್ಟುಗಳನ್ನು ಸೇರಿಸುವ ಸೌಲಭ್ಯವನ್ನು ನಿಲ್ಲಿಸಿದೆ.

ರಾತ್ರಿ ತಡವಾಗಿ ನೋಡುವಾಗ ರಿಸೀವರಿನ ನೈಟ್ ಮೋಡ್ ಬಳಸುತ್ತೇವೆ. ಅದು ಸ್ಫೋಟಗಳನ್ನು ತಗ್ಗಿಸಿ ಪಿಸುಮಾತನ್ನು ಮೇಲೆತ್ತುವುದರಿಂದ ಮಲಗಿದವರ ನಿದ್ದೆಗೆ ಭಂಗವಾಗುವುದಿಲ್ಲ. ಹಿಂದಿನ ಎರಡು ಸ್ಪೀಕರ್‌ಗಳನ್ನು ನಾನಿನ್ನೂ ಕೊಂಡಿಲ್ಲ. ರಿಸೀವರ್ ಅವುಗಳ ಧ್ವನಿಯನ್ನು ಮುಂದಿನವುಗಳಿಗೆ ಬೆರೆಸಿ ಕೊಡುತ್ತಿರುವುದರಿಂದ ಸಿನಿಮಾದ ಯಾವ ಸದ್ದೂ ಕಳೆದುಹೋಗುತ್ತಿಲ್ಲ. ಅವು ನಿಲ್ಲಬೇಕಾದದ್ದು ಕುಳಿತವರ ಪಕ್ಕಕ್ಕಿಂತ ತುಸು ಹಿಂದೆ, ನೇರ ಮುಂದಿನಿಂದ ಸುಮಾರು 110 ಡಿಗ್ರಿಯಲ್ಲಿ. ಅಲ್ಲಿಗೆ ಬೇಕಾದ ತಂತಿಯನ್ನು ಕಾರ್ಪೆಟ್ಟಿನ ಅಂಚಿನಡಿ ಈಗಲೇ ಎಳೆದು, ಎರಡೂ ತುದಿಗಳಿಗೆ ಎಡ, ಬಲ ಎಂಬ ಚೀಟಿ ಅಂಟಿಸಿಟ್ಟಿದ್ದೇನೆ.