ಮಗನ ಕೈಗೆ ಸೌಟು ಕೊಡುವ ಕ್ರಮ

ನಾನು ಹದಿನಾಲ್ಕನೇ ವಯಸ್ಸಿಗೆ ಕುಂದಾಪುರ ಕಡೆಯಿಂದ ಮುಂಬೈಗೆ ಬಂದವನು. ಮಾಟುಂಗಾದ ಒಂದು ಹೋಟೆಲಿನ ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಜಾಗದಲ್ಲಿ, ತಟ್ಟೆ ತೊಳೆದೆ, ಟೇಬಲ್ ಒರೆಸಿದೆ, ಆಮೇಲೆ ಭಟ್ರ ಪಕ್ಕ ನಿಂತು ಅಡುಗೆ ಕಲಿತೆ. ಇನ್ನೂರು ಜನಕ್ಕೆ ಸಾಂಬಾರು ಮಾಡಲು ನನಗೆ ಅಳತೆ ಪಾತ್ರೆ ಬೇಡ. ಆದರೆ ಮದುವೆಯಾಗಿ ಡೊಂಬಿವಲಿಯಲ್ಲಿ ಮನೆ ಮಾಡಿದ ಮೇಲೆ ಹನ್ನೊಂದು ವರ್ಷ ಮನೆಯ ಗ್ಯಾಸ್ ಹಚ್ಚಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಹಚ್ಚಬೇಕು ಅಂತ ನನಗೇ ಹೊಳೆಯಲಿಲ್ಲ.

ಒಂದು ಮಳೆಗಾಲ ಹೆಂಡತಿಗೆ ಟೈಫಾಯಿಡ್ ಆಯಿತು. ಡ್ಯೂಟಿ ಮುಗಿಸಿ ಮನೆಗೆ ಬಂದರೆ ಒಂಬತ್ತು ವರ್ಷದ ಮಗಳು ಸ್ಟೂಲ್ ಹತ್ತಿ ಅಕ್ಕಿ ಡಬ್ಬ ಇಳಿಸುತ್ತಿದ್ದಳು. ಏಳು ವರ್ಷದ ಮಗ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದ. ಅವನಿಗೆ ಹೀಗೆ ಕೂತುಕೋ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕೂರುವುದನ್ನು ನೋಡಿದ್ದ, ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲಿನ ನಾಲ್ಕು ವರ್ಷದಲ್ಲಿ ನಾವು ಏನು ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಗಂಡು ಮಗು ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಒಂದು ವಾರ ಏನೂ ಬದಲಿಸಬೇಡಿ. ಸುಮ್ನೆ ಬರೆಯಿರಿ. ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಯಾರು ಏನು ಮಾಡಿದರು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಿರಿ. ಯಾರು ನೆನಪಿಟ್ಟುಕೊಂಡರು ಅನ್ನುವುದನ್ನೂ ಬರೆಯಿರಿ. ಉದ್ದು ನೆನೆಹಾಕುವುದು, ಸಿಲಿಂಡರ್ ಬುಕ್ ಮಾಡುವುದು, ಹಾಲಿನವನ ಲೆಕ್ಕ, ಶಾಲೆಯ ಮೀಟಿಂಗ್, ಇವೆಲ್ಲ ಒಬ್ಬರ ತಲೆಯಲ್ಲೇ ಇರುತ್ತವೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ ಅಂತ ಇದೆ. ಗಂಡಸರಲ್ಲಿ ಮಾಡುವವರೇ ಕಡಿಮೆ, ಮಾಡುವವರೂ ಕೊಡುವುದು 88 ನಿಮಿಷ. ನಮ್ಮ ಕ್ಯಾಲೆಂಡರಿನಲ್ಲಿ ನನ್ನ ಹೆಸರಿನ ಮುಂದೆ ಮೀನು ತಂದದ್ದು ಬಿಟ್ಟು ಬೇರೇನೂ ಇರಲಿಲ್ಲ.

ಅಡುಗೆ ಹೆಂಗಸರ ಕೆಲಸ ಅಂತ ನಾವು ಹೇಗೆ ನಂಬಿದೆವೋ! ಮುಂಬೈಯ ಉಡುಪಿ ಹೋಟೆಲುಗಳನ್ನು ಕಟ್ಟಿದ್ದು ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಒಬ್ಬೊಬ್ಬರೇ ಬಂದ ಗಂಡಸರು. ಮಾಟುಂಗಾ ಸ್ಟೇಷನ್ ಪಕ್ಕದ ರಾಮ ನಾಯಕರ ಬೋರ್ಡಿಂಗ್ 1942ರಿಂದ ಎಲೆ ಊಟ ಬಡಿಸುತ್ತಿದೆ. ಇಂಥ ಹೋಟೆಲುಗಳಲ್ಲಿ ಕಾಯಿ ತುರಿದದ್ದು, ರುಬ್ಬಿದ್ದು, ಬಡಿಸಿದ್ದು, ಎಂಜಲು ತೆಗೆದದ್ದು ಹೆಚ್ಚಿನ ಕಡೆ ಗಂಡಸರೇ. ಸಂಬಳ ಬಂದರೆ ಅದು ಗಂಡಸರ ಕೆಲಸ, ಬಾರದಿದ್ದರೆ ಹೆಂಗಸರ ಕೆಲಸ. ಇದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿ. ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಈಗ ಕೆಲಸ ಕೊಡುವ ವಿಷಯ. ‘ಅಮ್ಮನಿಗೆ ಸಹಾಯ ಮಾಡು’ ಅನ್ನಬೇಡಿ. ಹಾಗಂದರೆ ಕೆಲಸ ಅಮ್ಮನದೇ ಅಂತಾಯಿತಲ್ವಾ? ಒಂದು ಕೆಲಸವನ್ನು ಪೂರ್ತಿ ಕೊಡಿ, ನೆನಪಿನ ಜವಾಬ್ದಾರಿಯ ಸಮೇತ. ನಮ್ಮ ಬಿಲ್ಡಿಂಗಿಗೆ ಬೆಳಿಗ್ಗೆ ಆರರಿಂದ ಏಳರವರೆಗೆ ನೀರು. ಡ್ರಮ್ ತುಂಬಿಸುವುದನ್ನು ಮಗನಿಗೆ ಕೊಟ್ಟೆವು. ಮೂರನೇ ವಾರ ಅವನು ಮಲಗಿಬಿಟ್ಟ. ಹೆಂಡತಿ ಪೈಪು ಹಿಡಿದು ಹೊರಟಳು, ನಾನು ಕೈ ಹಿಡಿದು ನಿಲ್ಲಿಸಿದೆ. ಇಬ್ಬರಿಗೂ ಕಷ್ಟವಾಯಿತು. ಅವತ್ತು ಅವನೇ ಪಕ್ಕದ ಮನೆಯ ಮಾವುಶಿ ಹತ್ತಿರ ಕೇಳಿ ಎರಡು ಬಕೆಟ್ ನೀರು ಹೊತ್ತು ತಂದ. ಬೈಯಲಿಲ್ಲ. ಇವತ್ತಿನವರೆಗೆ ಇನ್ನೊಮ್ಮೆ ಮರೆತಿಲ್ಲ.

ಅಡುಗೆಗೆ ಬನ್ನಿ. ಎಂಟು ವರ್ಷಕ್ಕೆ ಅಕ್ಕಿ ತೊಳೆಯಲಿ, ಸೊಪ್ಪು ಬಿಡಿಸಲಿ. ಹತ್ತಕ್ಕೆ ಚಾಕು. ಮೊದಲು ಬೇಯಿಸಿದ ಆಲೂಗಡ್ಡೆ, ಆಮೇಲೆ ಬೆಂಡೆ, ಕೊನೆಗೆ ಈರುಳ್ಳಿ. ಬೆರಳ ತುದಿ ಒಳಗೆ ಮಡಚಿ ಹಿಡಿಯುವುದನ್ನು ನೀವೇ ನಿಂತು ತೋರಿಸಿ. ಹನ್ನೊಂದರ ಮೇಲೆ ಗ್ಯಾಸು, ನೀವು ಪಕ್ಕದಲ್ಲಿದ್ದಾಗ ಮಾತ್ರ. ಮೊದಲ ಅಡುಗೆ ಅನ್ನವೇ ಆಗಲಿ. ಕುಚ್ಚಲಕ್ಕಿ ಬೇಡ, ಅದರ ಹದ ಸಿಗಲು ಸಮಯ ಬೇಕು. ಬೆಳ್ತಿಗೆ (ಬಿಳಿ) ಅಕ್ಕಿ ಒಂದು ಲೋಟ, ಮೂರು ಸಲ ತೊಳೆದು ಎರಡೂವರೆ ಲೋಟ ನೀರು, ಕುಕ್ಕರಿನಲ್ಲಿ ಮೂರು ಸೀಟಿ. ಆವಿ ತಾನಾಗಿ ಇಳಿಯುವವರೆಗೆ ಮುಚ್ಚಳ ಮುಟ್ಟಬಾರದು. ಇದೊಂದನ್ನು ಮಾತ್ರ ನಾನು ಗಟ್ಟಿ ಧ್ವನಿಯಲ್ಲಿ ಹೇಳಿದ್ದೇನೆ. ಮುದ್ದೆಯಾದರೂ ಎಲ್ಲರೂ ಅದನ್ನೇ ಉಣ್ಣಿ. ಪಾತ್ರೆ ತೊಳೆದು, ಕಟ್ಟೆ ಒರೆಸಿ, ಒದ್ದೆ ಬಟ್ಟೆ ಹಿಂಡಿ ಒಣಗಿಸಿದ ಮೇಲೆಯೇ ಅಡುಗೆ ಮುಗಿದ ಹಾಗೆ. ಗಂಡಸರು ಅಪರೂಪಕ್ಕೆ ಬಿರಿಯಾನಿ ಮಾಡಿ ಸಿಂಕ್ ತುಂಬಿಸಿಟ್ಟು ಎದ್ದು ಹೋಗುವುದನ್ನು ನಾನು ತುಂಬಾ ಕಡೆ ನೋಡಿದ್ದೇನೆ.

ಹೊಗಳುವಾಗ ಜಾಗ್ರತೆ. ಮಗ ಅನ್ನ ಮಾಡಿದ ದಿನ ನಾನು ಊರಿಗೆ ಫೋನ್ ಮಾಡಿ ಹೇಳಿದೆ. ಮಗಳು ಪಕ್ಕದಲ್ಲೇ ಇದ್ದಳು. ‘ಪಪ್ಪಾ, ನಾನು ಮೊದಲ ಸಲ ಅನ್ನ ಮಾಡಿದಾಗ ಅಮ್ಮನಿಗೆ ಜ್ವರ ಇತ್ತು’ ಅಂದಳು. ಬೇರೇನೂ ಹೇಳಲಿಲ್ಲ. ಇಬ್ಬರಿಗೂ ಒಂದೇ ಅಳತೆಯ ಶಾಭಾಸ್ ಕೊಡಿ. ಅವಳಿಗೂ ರೆಗ್ಯುಲೇಟರ್ ಜೋಡಿಸುವುದು, ಬ್ಯಾಂಕಿನ ಚಲನ್ ತುಂಬುವುದು ಕಲಿಸಿ. ನಾನು ಇಬ್ಬರನ್ನೂ ಮಾಟುಂಗಾ ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದೆ. 2017ರಿಂದ ಅಲ್ಲಿ ಸ್ಟೇಷನ್ ಮ್ಯಾನೇಜರಿಂದ ಹಿಡಿದು ಟಿಕೆಟ್ ಕೊಡುವವರವರೆಗೆ ಎಲ್ಲರೂ ಹೆಂಗಸರೇ. ನಮ್ಮ ದೇಶದಲ್ಲಿ ಹಾಗೆ ಆದ ಮೊದಲ ಸ್ಟೇಷನ್ ಅದು.

ನೆಂಟರು ಬಂದಾಗ ಮನೆಯ ನಿಯಮ ಬದಲಿಸಬೇಡಿ. ಚಿಕ್ಕಮ್ಮ ಊರಿಂದ ಬಂದಿದ್ದರು. ‘ಗಂಡ್ ಹೈದನ್ ಕೈಯಗೆ ಪಾತ್ರಿ ತೊಳ್ಸುದಾ ಮಾರಾಯ?’ ಅಂದರು. ನಾನು ಅವರ ಪಕ್ಕ ಕೂತು ಹೇಳಿದೆ, ‘ಚಿಕ್ಕಮ್ಮಾ, ನಾನು ಮೋರಿಯಲ್ಲಿ ಪಾತ್ರೆ ತೊಳೆದ ದುಡ್ಡಲ್ಲೇ ಅಲ್ವಾ ಊರ ಮನೆಗೆ ಹಂಚು ಹಾಕಿಸಿದ್ದು?’ ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅವನನ್ನು ಕರೆದು ತಲೆ ಸವರಿದರು. ಸಂಪ್ರದಾಯ ಅಂತ ಯಾರಾದರೂ ಹೇಳಿದರೆ ನಮ್ಮ ಕರಾವಳಿಯ ಅಳಿಯಸಂತಾನವನ್ನೇ ನೆನಪಿಸಿ. ಅಲ್ಲಿ ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಘಟ್ಟದ ಮೇಲೆ ಹಾಗಿರಲಿಲ್ಲ. ಎರಡೂ ಕಡೆಯವರು ತಮ್ಮದೇ ಪದ್ಧತಿ ಅಂದುಕೊಂಡಿದ್ದರು.

ಮಾತಿನ ವಿಷಯ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ‘ಗಂಡು ಮಗ ಆಗಿ ಅಳ್ತೀಯಾ?’, ‘ಬಳೆ ತೊಟ್ಕೊಂಡಿದ್ದೀಯಾ?’ ಅನ್ನುವುದು ಬಾಯಿಗೆ ತಾನಾಗಿ ಬರುತ್ತದೆ. ನಮ್ಮ ಭಾಷೆಯಲ್ಲಿ ಹೆಂಗರುಳು ಅಂತ ಚಂದದ ಪದ ಇದೆ, ಗಂಡುಗರುಳು ಅನ್ನುವುದನ್ನು ನಾನು ಕೇಳಿಲ್ಲ. ಶಾಲೆಯಲ್ಲಿ ಡಬ್ಬಿಗೆ ತಾನೇ ಚಪಾತಿ ಸುತ್ತಿಕೊಂಡು ಬಂದೆ ಅಂದಿದ್ದಕ್ಕೆ ಮಗನನ್ನು ‘ಬಾಯ್ಲ್ಯಾ’ (ಮರಾಠಿಯಲ್ಲಿ ಹೆಣ್ಣಿಗ) ಅಂತ ಕೆಣಕಿದರಂತೆ. ಬಂದವನೇ ಅತ್ತ. ಪಕ್ಕ ಕೂತುಕೊಳ್ಳಿ, ಅಳು ಮುಗಿಯಲಿ, ನೀರು ಕೊಡಿ, ಆಮೇಲೆ ಏನಾಯಿತು ಅಂತ ಕೇಳಿ. ‘ಹೋಗಿ ತಿರುಗಿ ಹೊಡಿ’ ಅನ್ನಬೇಡಿ. ನಾನು ಅವನಿಗೆ ಹೋಟೆಲಿನ ಮೊದಲ ವರ್ಷ ರಾತ್ರಿ ಚಾಪೆಯ ಮೇಲೆ ಮುಖ ಮುಚ್ಚಿಕೊಂಡು ಅಳುತ್ತಿದ್ದುದನ್ನು ಹೇಳಿದೆ. ಅದನ್ನು ಅದುವರೆಗೆ ಹೆಂಡತಿಗೂ ಹೇಳಿರಲಿಲ್ಲ.

ಈಗ ಅವನಿಗೆ ಹನ್ನೊಂದು ತುಂಬಿದೆ. ಸೋಮವಾರ, ಗುರುವಾರದ ಅನ್ನ ಅವನದು, ಮಂಗಳವಾರದ್ದು ನನ್ನದು. ಈ ಭಾನುವಾರ ಮೆಟ್ಟುಕತ್ತಿಯಲ್ಲಿ (ಈಳಿಗೆಮಣೆಯಲ್ಲಿ) ಕಾಯಿ ತುರಿಯಲು ಕಲಿಸಬೇಕು. ಮಣೆಯ ಮೇಲೆ ಒಂದು ಕಾಲು ಬಿಗಿಯಾಗಿ ಒತ್ತಿ, ಕಾಯಿಯ ಹೋಳನ್ನು ಎರಡೂ ಕೈಯಲ್ಲಿ ಹಿಡಿದು, ಅಂಚಿನಿಂದ ಒಳಗೆ ತುರಿಯಬೇಕು. ಕರಟದ ಕಂದು ಬಣ್ಣ ಕಾಣಿಸಿದ ಕೂಡಲೇ ನಿಲ್ಲಿಸಬೇಕು.