ಮಳೆಗಾಲದಲ್ಲಿ ಮನೆ ಬಿಡಬೇಕಾಗಿ ಬಂದರೆ: ವಾಹನದ ಆಯ್ಕೆ ಮತ್ತು ಸಿದ್ಧತೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮದೆನಾಡು, ಜೋಡುಪಾಲ ಭಾಗಗಳಲ್ಲಿ ಗುಡ್ಡಗಳು ಜರಿದಾಗ ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕಡಿದುಹೋಯಿತು. ಅಂಗಳದಲ್ಲಿ ವಾಹನವಿದ್ದ ಹಲವರೂ ಕೆಸರಿನಲ್ಲಿ ನಡೆದೇ ಹೊರಬರಬೇಕಾಯಿತು. ವಾಹನ ನೆರವಿಗೆ ಬರುವುದು ರಸ್ತೆ ಉಳಿದಿರುವ ಕೆಲವು ಗಂಟೆಗಳಲ್ಲಿ ಮಾತ್ರ. ಆದುದರಿಂದ ಕುಸಿದ ರಸ್ತೆಯನ್ನು ದಾಟಬಲ್ಲ ವಾಹನವನ್ನು ಹುಡುಕುವುದಕ್ಕಿಂತ, ಆ ಗಂಟೆಗಳಲ್ಲಿ ತಡವಿಲ್ಲದೆ ಹೊರಡಬಲ್ಲ ವಾಹನವನ್ನು ಇಟ್ಟುಕೊಳ್ಳುವುದು ಜಾಣತನ.

ಆಯ್ಕೆಗೆ ಮೊದಲು ಮನೆಯಿಂದ ಡಾಂಬರು ರಸ್ತೆಯವರೆಗಿನ ದಾರಿಯನ್ನು ಜೋರು ಮಳೆಯಲ್ಲಿ ಒಮ್ಮೆ ನಡೆದು ನೋಡಬೇಕು. ಕಡಿದಾದ ಮಣ್ಣಿನ ಏರು ಇದ್ದರೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಜೀಪು ನಿಜಕ್ಕೂ ಬೇಕಾಗುತ್ತದೆ. ಕಾಂಕ್ರೀಟ್ ದಾರಿಯಿದ್ದರೆ ನೆಲದಿಂದ ಸ್ವಲ್ಪ ಎತ್ತರವಿರುವ ಸಾಧಾರಣ ಕಾರು ಸಾಕು. ಜೀಪಿನ ಮೇಲೆ ಮಲೆನಾಡಿನವರಿಗಿರುವ ಮೋಹ ಅಕಾರಣವಲ್ಲ, ಆದರೆ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತು, ನಾಲ್ಕು ಜನ ತಳ್ಳಿದರಷ್ಟೇ ಶುರುವಾಗುವ ಜೀಪಿಗಿಂತ ದಿನವೂ ಓಡುವ ಸಣ್ಣ ಕಾರೇ ಮೇಲು. ಫೋರ್ ವೀಲ್ ಡ್ರೈವ್ ಕೆಸರಿನಲ್ಲಿ ಮುಂದೆ ಸಾಗಲು ನೆರವಾಗುತ್ತದೆಯೇ ಹೊರತು, ಜಾರುವ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಹೆಚ್ಚಿನ ಬಲವನ್ನೇನೂ ಕೊಡುವುದಿಲ್ಲ. ಇನ್ನು ಸೀಟುಗಳ ಲೆಕ್ಕ ಹಾಕುವಾಗ ಮನೆಮಂದಿಯನ್ನಷ್ಟೇ ಎಣಿಸುವುದು ತಪ್ಪು. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರ ಕುಟುಂಬಗಳಿಗೆ ಸ್ವಂತ ವಾಹನ ಇಲ್ಲದಿರುವುದೇ ಹೆಚ್ಚು. ಅವರನ್ನು ಯಾವ ವಾಹನದಲ್ಲಿ, ಎಷ್ಟು ಸುತ್ತಿನಲ್ಲಿ ಕರೆದೊಯ್ಯುವುದೆಂದು ಮೊದಲೇ ಗೊತ್ತಿರಬೇಕು, ಎರಡನೆಯ ಸುತ್ತಿಗೆ ರಸ್ತೆ ಇರದಿರಬಹುದು ಎಂಬುದೂ ಆ ಲೆಕ್ಕದಲ್ಲಿ ಸೇರಬೇಕು.

ನೀರಿನ ವಿಷಯದಲ್ಲಿ ಯಾವ ವಾಹನವನ್ನೂ ನಂಬಬಾರದು. ಹರಿಯುವ ನೀರು ಸುಮಾರು 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರನ್ನು ತೇಲಿಸಬಲ್ಲದು. 60 ಸೆಂಟಿಮೀಟರ್ ತಲುಪಿದರೆ ಭಾರಿ ಜೀಪುಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕೆಂಪು ನೀರಿನ ಅಡಿಯಲ್ಲಿ ಮೋರಿ ಉಳಿದಿದೆಯೇ ಎಂಬುದು ಚಾಲಕನಿಗೆ ಕಾಣುವುದೂ ಇಲ್ಲ. ನಿಂತ ನೀರಿನಲ್ಲಿ ಎಂಜಿನ್ ಬಂದ್ ಆದರೆ ಮತ್ತೆ ಕೀ ತಿರುಗಿಸಬಾರದು: ಗಾಳಿಯ ಕೊಳವೆಯಿಂದ ಸಿಲಿಂಡರಿಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳಾಗುತ್ತದೆ. ಪವರ್ ವಿಂಡೋ ಕೈಕೊಡುವ ಮೊದಲೇ ಕಿಟಕಿ ಇಳಿಸಿ ಹೊರಬರಬೇಕು. ಗಾಜು ಒಡೆಯುವ ಸಣ್ಣ ಸುತ್ತಿಗೆಯೊಂದು ಚಾಲಕನ ಕೈಗೆ ಎಟಕುವಲ್ಲೇ ಇರಲಿ.

ಮೇ ತಿಂಗಳಲ್ಲಿಯೇ ಟೈರು, ಬ್ರೇಕ್, ವೈಪರ್, ಬ್ಯಾಟರಿಗಳನ್ನು ಗ್ಯಾರೇಜಿನಲ್ಲಿ ತೋರಿಸಬೇಕು. ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ಕಾನೂನು ಹೇಳಿದರೂ, ಘಟ್ಟದ ಮಳೆಗೆ 3 ಮಿಲಿಮೀಟರ್ ಇರುವಾಗಲೇ ಬದಲಿಸುವುದು ಕ್ಷೇಮ. ಸ್ಟೆಪ್ನಿಗೆ ಗಾಳಿ ತುಂಬಿಸಿರಬೇಕು; ಮೆತ್ತನೆಯ ಮಣ್ಣಿನಲ್ಲಿ ಜಾಕ್ ಹೂತುಹೋಗುವುದರಿಂದ ಅದರಡಿಗೆ ಇಡಲು ದಪ್ಪ ಹಲಗೆಯ ತುಂಡು ಬೇಕು. ಘಟ್ಟದ ದಾರಿಯಲ್ಲಿ ಗುಡ್ಡಕ್ಕಿಂತ ಹೆಚ್ಚಾಗಿ ಅಡ್ಡ ಬರುವುದು ಬಿದ್ದ ಮರ ಮತ್ತು ಬಿದಿರು. ಹಾಗಾಗಿ ಕತ್ತಿ, ಗರಗಸ, ಗುದ್ದಲಿ, ಎಳೆಯಲು ಗಟ್ಟಿ ಹಗ್ಗ ಇವಿಷ್ಟು ಹಿಂಬದಿಯಲ್ಲಿ ಖಾಯಂ ಇರಬೇಕು, ಮರದ ಜೊತೆಗೆ ಕರೆಂಟ್ ತಂತಿಯೂ ಬಿದ್ದಿದ್ದರೆ ಮಾತ್ರ ಅದರ ಹತ್ತಿರ ಸುಳಿಯಬಾರದು. ಮಾರುಕಟ್ಟೆಯಲ್ಲಿ ದೊರೆಯುವ ಹೊಳೆಯುವ ಎಲ್‌ಇಡಿ ಸಾಲುಗಳಿಗೆ ಹಣ ಸುರಿಯುವುದಕ್ಕಿಂತ, ಮಂಜಿನಲ್ಲಿ ತಗ್ಗಾಗಿ ಬೆಳಕು ಚೆಲ್ಲುವ ಎರಡು ಫಾಗ್ ಲ್ಯಾಂಪ್ ಮತ್ತು ತಲೆಗೆ ಕಟ್ಟುವ ಒಂದು ಟಾರ್ಚ್ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು, ಏಕೆಂದರೆ ಕರೆಂಟ್ ಹೋದರೆ ಬಂಕ್‌ನ ಪಂಪು ಜನರೇಟರನ್ನು ನಂಬಿಕೊಂಡಿರುತ್ತದೆ. ರಾತ್ರಿ ವಾಹನವನ್ನು ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಅಡಿಗಾಗಲಿ ದೊಡ್ಡ ಮರದ ಕೆಳಗಾಗಲಿ ನಿಲ್ಲಿಸದೆ, ಮೂತಿಯನ್ನು ರಸ್ತೆಯ ಕಡೆಗೆ ಮಾಡಿ ನಿಲ್ಲಿಸಿ, ಕೀಲಿಯನ್ನು ಎಲ್ಲರಿಗೂ ಗೊತ್ತಿರುವ ಮೊಳೆಗೆ ತಗುಲಿಸಬೇಕು. ಓಡಿಸಬಲ್ಲವರು ಮನೆಯಲ್ಲಿ ಇಬ್ಬರಾದರೂ ಇರಲಿ. ಔಷಧಿ, ನೀರು, ಕಾರ್ ಚಾರ್ಜರ್, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆರ್‌ಟಿಸಿ, ಆಧಾರ್, ಬ್ಯಾಂಕ್ ಪುಸ್ತಕ ಒಂದೇ ಚೀಲದಲ್ಲಿರಲಿ. ದನಗಳನ್ನು ಕರೆದೊಯ್ಯಲಾಗದಿದ್ದರೆ ಹಗ್ಗ ಬಿಚ್ಚಿ ಹೊರಡುವುದನ್ನು ಮರೆಯಬಾರದು.

ದಾರಿಗಳು ಕನಿಷ್ಠ ಎರಡು ಗೊತ್ತಿರಬೇಕು. ಮಡಿಕೇರಿಯಿಂದ ಸಂಪಾಜೆಯ ಕಡೆ ಮುಚ್ಚಿದರೆ ಕುಶಾಲನಗರದ ಕಡೆ ಇಳಿಯಬಹುದು; ಆದರೆ ಹಾರಂಗಿ, ಕಾವೇರಿ ತುಂಬಿ ಹರಿಯುವ ದಿನ ಅಲ್ಲಿನ ತಗ್ಗು ಬಡಾವಣೆಗಳಲ್ಲಿ ತಂಗುವಂತಿಲ್ಲ. ಹೊರಡುವ ಮುನ್ನ ಜಿಲ್ಲಾ ವಿಪತ್ತು ನಿರ್ವಹಣೆಯ 1077ಕ್ಕೆ ಕರೆ ಮಾಡಿ ಯಾವ ರಸ್ತೆ ತೆರೆದಿದೆಯೆಂದು ಕೇಳಬೇಕು; ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ನಕ್ಷೆಯನ್ನು ಮೊಬೈಲಿನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳಬೇಕು. ಅಂಗಳದಲ್ಲಿ ಹೊಸ ಬಿರುಕು ಕಂಡರೆ, ಎಂದೂ ಇಲ್ಲದಲ್ಲಿ ಕೆಸರು ನೀರಿನ ಒರತೆ ಎದ್ದರೆ, ಇಳಿಜಾರಿನ ಮರಗಳು ವಾಲತೊಡಗಿದರೆ ಅಧಿಕೃತ ಸೂಚನೆಗೆ ಕಾಯದೆ, ಸಾಧ್ಯವಾದರೆ ಹಗಲಿನಲ್ಲೇ ಹೊರಡಬೇಕು.

ಕೊನೆಯದಾಗಿ ವಿಮೆ: ನೀರು ಹೊಕ್ಕು ಕೆಟ್ಟ ಎಂಜಿನ್ನಿಗೆ ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪರಿಹಾರ ಸಿಗುವುದು ಕಷ್ಟ, ಅದಕ್ಕೆ ಎಂಜಿನ್ ರಕ್ಷಣೆಯ ಪ್ರತ್ಯೇಕ ಸೇರ್ಪಡೆಯನ್ನು ನವೀಕರಣದ ಹೊತ್ತಿನಲ್ಲೇ ಕೇಳಿ ಪಡೆಯಬೇಕಾಗುತ್ತದೆ.