ಮಗಳಿಗೆ ಹೈಸ್ಕೂಲು ಹುಡುಕುವುದು ಹೇಗೆ? ಫ್ಲೆಕ್ಸ್ ಬಿಡಿ, ವೇಳಾಪಟ್ಟಿ ಓದಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮೈಸೂರಿನಲ್ಲಿ ಓಡಾಡಿದವರಿಗೆ ಈ ನೋಟ ಹೊಸತಲ್ಲ. ಕುವೆಂಪುನಗರದಿಂದ ವಿಜಯನಗರದವರೆಗೆ ಶಾಲೆಗಳ ಕಾಂಪೌಂಡಿನ ಮೇಲೆ 625ಕ್ಕೆ 620 ತೆಗೆದ ಹೆಣ್ಣುಮಕ್ಕಳ ಮುಖಗಳು ನಗುತ್ತಿರುತ್ತವೆ. ಆ ಮಕ್ಕಳ ಶ್ರಮ ದೊಡ್ಡದು. ಆದರೆ ಏಳನೇ ತರಗತಿ ಮುಗಿಸುತ್ತಿರುವ ಮಗಳಿಗೆ ಖಾಸಗಿ ಬಾಲಿಕಾ ಪ್ರೌಢಶಾಲೆ ಹುಡುಕುತ್ತಿರುವ ತಂದೆ ತಾಯಿಗೆ ಆ ಫ್ಲೆಕ್ಸಿನಿಂದ ತಿಳಿಯುವುದು ಬಹಳ ಕಡಿಮೆ. ಅದರಲ್ಲಿ ಐದಾರು ಮಕ್ಕಳಿರುತ್ತಾರೆ, ಉಳಿದ ತರಗತಿ ಇರುವುದಿಲ್ಲ. ಶಾಲೆ ಹೇಗೆ ಕಲಿಸುತ್ತದೆ ಎಂಬುದು ಹತ್ತನೇ ತರಗತಿಯ ಅಂಕಗಳಿಗಿಂತ ಎಂಟು ಮತ್ತು ಒಂಬತ್ತನೇ ತರಗತಿಗಳಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ನಂಬಿಕೆ. ಅದನ್ನು ನೋಡುವ ಕ್ರಮ ಇಲ್ಲಿದೆ.

ಮೊದಲು ಕಾಗದ

ಸಂಕ್ರಾಂತಿ ಕಳೆಯುತ್ತಿದ್ದಂತೆ ಖಾಸಗಿ ಶಾಲೆಗಳಲ್ಲಿ ವಿಚಾರಣೆ ಶುರುವಾಗುತ್ತದೆ. ಅರ್ಜಿ ಕೊಳ್ಳುವ ಮುನ್ನ ಮೂರು ವಿಷಯ ಕೇಳಿ. ಶಾಲೆ ಅನುದಾನಿತವೋ ಅನುದಾನರಹಿತವೋ? ಮಾನ್ಯತೆ ಹತ್ತನೇ ತರಗತಿಯವರೆಗೂ ಇದೆಯೋ? ಯುಡೈಸ್ ಸಂಖ್ಯೆ ಎಷ್ಟು? ಇದು ಸರ್ಕಾರ ಪ್ರತಿ ಶಾಲೆಗೂ ಕೊಡುವ ಹನ್ನೊಂದು ಅಂಕಿಯ ಗುರುತಿನ ಸಂಖ್ಯೆ, ಕರ್ನಾಟಕದ ಶಾಲೆಗಳದು 29ರಿಂದ ಆರಂಭವಾಗುತ್ತದೆ. ಬೋರ್ಡಿನ ಮೇಲೆ ಸಿಬಿಎಸ್‌ಇ ಎಂದು ಬರೆದಿದ್ದರೆ ಸಂಯೋಜನೆಯ (ಅಫಿಲಿಯೇಷನ್) ಸಂಖ್ಯೆ ಕೇಳಿ, ಆ ಮಂಡಳಿಯ ಜಾಲತಾಣದಲ್ಲಿ ತಾಳೆ ನೋಡಿ. ಹೆಸರಿಗೆ ಕೇಂದ್ರ ಪಠ್ಯಕ್ರಮ ಕಲಿಸಿ, ಪರೀಕ್ಷೆಯ ವರ್ಷ ಬಂದಾಗ ಮಕ್ಕಳನ್ನು ಬೇರೊಂದು ಶಾಲೆಯ ಲೆಕ್ಕದಲ್ಲಿ ಕೂರಿಸುವ ಸಂಸ್ಥೆಗಳೂ ಇವೆ. ಸಿಬಿಎಸ್‌ಇ, ಐಸಿಎಸ್‌ಇ ಎರಡರಲ್ಲೂ ಬೋರ್ಡ್ ನೋಂದಣಿ ಒಂಬತ್ತನೇ ತರಗತಿಯಲ್ಲೇ ಆಗುತ್ತದೆ. ಆಮೇಲೆ ಮನಸ್ಸು ಬದಲಿಸುವುದು ಕಷ್ಟ.

ಎಂಟನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ ಎಂದರೆ ಒಂದು ಮಾತು ನೆನಪಿರಲಿ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್, ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಸೋಸುವುದನ್ನು ನಿಷೇಧಿಸುತ್ತದೆ. ಡೊನೇಷನ್ ವಸೂಲಿಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 1984ರಿಂದಲೇ ಕಾಯ್ದೆಯಿದೆ. ಕಾನೂನು ಹೇಳಿದ ಮಾತ್ರಕ್ಕೆ ವಸೂಲಿ ನಿಂತಿಲ್ಲ, ನಿಜ. ಆದರೂ ಪ್ರತಿ ರೂಪಾಯಿಗೆ ರಸೀದಿ ಕೇಳುವ ಪೋಷಕರನ್ನು ಕಚೇರಿಯವರು ಸ್ವಲ್ಪ ಎಚ್ಚರದಿಂದ ಮಾತನಾಡಿಸುತ್ತಾರೆ.

ಪಠ್ಯಕ್ರಮದ ಗೊಂದಲ

ಇದಕ್ಕೆ ಮನೆಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜಗಳವಾಗುತ್ತದೆ. ಸಿಬಿಎಸ್‌ಇ ವಿಜ್ಞಾನ ಗಟ್ಟಿ, ಸ್ಟೇಟ್ ಸಿಲಬಸ್ ಜಾಳು ಎಂಬ ಮಾತು ಹಳತಾಯಿತು. ರಾಜ್ಯ ಪಠ್ಯಕ್ರಮದ ಹೈಸ್ಕೂಲು ಗಣಿತ ಮತ್ತು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವನ್ನು ಅಳವಡಿಸಿಕೊಂಡು ವರ್ಷಗಳೇ ಆಗಿವೆ. ವ್ಯತ್ಯಾಸ ಇರುವುದು ಭಾಷೆಗಳ ಭಾರದಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಭಾಷೆ, ಅದರಲ್ಲಿ ಪ್ರಥಮ ಭಾಷೆಗೆ 125 ಅಂಕ. ಐಸಿಎಸ್‌ಇಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಕ್ಕೆ ಬೇರೆ ಬೇರೆ ಪ್ರಶ್ನೆಪತ್ರಿಕೆ, ಇಂಗ್ಲಿಷಿಗೂ ಭಾಷೆ ಮತ್ತು ಸಾಹಿತ್ಯ ಎಂದು ಎರಡು. ಓದುವ ರೂಢಿ ಇರುವ ಹುಡುಗಿಗೆ ಅದು ಹಬ್ಬ, ಇಲ್ಲದವಳಿಗೆ ಹೊರೆ.

ಭಾಷೆಯ ಆಯ್ಕೆಯನ್ನು ಶಾಲೆ ಹೇಗೆ ಮಾಡಿಸುತ್ತದೆ ಎಂಬುದರಲ್ಲೇ ಅದರ ಮನಸ್ಸು ಗೊತ್ತಾಗುತ್ತದೆ. ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಳ್ಳಿ, 125ಕ್ಕೆ 125 ಖಂಡಿತ ಎಂದು ಮುಖ್ಯೋಪಾಧ್ಯಾಯಿನಿಯೇ ಹೇಳಿದರೆ, ಅಲ್ಲಿ ಸಂಸ್ಕೃತವನ್ನೂ ಓದಿಸುವುದಿಲ್ಲ, ಕನ್ನಡವನ್ನೂ ಓದಿಸುವುದಿಲ್ಲ ಎಂದು ನಾನು ಲೆಕ್ಕ ಹಾಕುತ್ತೇನೆ. ಸಂಸ್ಕೃತದ ಮೇಲಿನ ಪ್ರೀತಿಯಿಂದ ಅದನ್ನು ಆರಿಸುವ ಮಕ್ಕಳ ಮಾತು ಬೇರೆ.

ಸಿಬಿಎಸ್‌ಇ ಶಾಲೆಯಾದರೆ ಮತ್ತೊಂದು ಪ್ರಶ್ನೆ ಕೇಳಲೇಬೇಕು. ಅಲ್ಲಿ ಹತ್ತನೇ ತರಗತಿಯ ಗಣಿತಕ್ಕೆ ಸ್ಟ್ಯಾಂಡರ್ಡ್, ಅದಕ್ಕಿಂತ ಸುಲಭದ ಬೇಸಿಕ್ ಎಂದು ಎರಡು ಹಂತಗಳಿವೆ. ಯಾವ ಹುಡುಗಿ ಯಾವುದನ್ನು ಬರೆಯಬೇಕೆಂದು ತೀರ್ಮಾನಿಸುವವರು ಯಾರು? ಶಾಲೆಯ ಫಲಿತಾಂಶದ ಸರಾಸರಿ ಕಾಪಾಡಲು ಹೆಣ್ಣುಮಕ್ಕಳನ್ನು ಬೇಸಿಕ್ ಕಡೆಗೆ ತಳ್ಳುವ ಶಾಲೆ ನಿಮ್ಮ ಮಗಳ ಪಿಯುಸಿಯ ಆಯ್ಕೆಗೂ ಕೈ ಹಾಕಿದೆ ಎಂದೇ ಅರ್ಥ.

ವೇಳಾಪಟ್ಟಿ ಕೇಳಿ, ಪಕ್ಕದಲ್ಲಿಟ್ಟು ಓದಿ

ಒಂಬತ್ತನೇ ತರಗತಿಯ ವೇಳಾಪಟ್ಟಿಯ ಪ್ರತಿ ಕೇಳಿ. ಇದು ಗುಟ್ಟಿನ ಕಾಗದವಲ್ಲ, ತರಗತಿಯ ಗೋಡೆಯ ಮೇಲೆ ಅಂಟಿಸಿರುತ್ತಾರೆ. ಕೊಡಲು ಹಿಂದೆ ಮುಂದೆ ನೋಡಿದರೆ ಫೋಟೊ ತೆಗೆದುಕೊಳ್ಳಲು ಅನುಮತಿ ಕೇಳಿ. ದಿನಕ್ಕೆ ಏಳೆಂಟು ಪಿರಿಯಡ್, ಶನಿವಾರ ಅರ್ಧ ದಿನ. ಅಷ್ಟರಲ್ಲಿ ಏನೇನು ಹಿಡಿಸಿದ್ದಾರೆ ನೋಡಿ.

ವಿಜ್ಞಾನಕ್ಕೆ ಒಬ್ಬರೇ ಶಿಕ್ಷಕಿಯೋ, ಇಬ್ಬರೋ? ನಮ್ಮ ಹೈಸ್ಕೂಲುಗಳಲ್ಲಿ ಪಿಸಿಎಂ ಶಿಕ್ಷಕರು, ಸಿಬಿಝಡ್ ಶಿಕ್ಷಕರು ಎಂದು ಎರಡು ಬಗೆ. ಮೊದಲಿನವರು ಗಣಿತ ಮತ್ತು ಭೌತಶಾಸ್ತ್ರ ಓದಿ ಬಂದವರು, ಎರಡನೆಯವರು ಜೀವಶಾಸ್ತ್ರದ ಕಡೆಯವರು. ಇಬ್ಬರೂ ಇರಬೇಕು. ಒಬ್ಬರೇ ಎಲ್ಲವನ್ನೂ ನಿಭಾಯಿಸುವ ಶಾಲೆಯಲ್ಲಿ ವಿದ್ಯುತ್ತಿನ ಪಾಠವೋ ಅನುವಂಶೀಯತೆಯ ಪಾಠವೋ, ಯಾವುದಾದರೊಂದು ನೋಟ್ಸ್ ಬರೆಸಿ ಮುಗಿಯುತ್ತದೆ. ಪದವಿಯ ಜೊತೆ ಬಿ.ಇಡಿ. ಆಗಿದೆಯೇ, ಗಣಿತದ ಶಿಕ್ಷಕರು ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ ಎಂದೂ ಕೇಳಿ. ಸಂಬಳ ಕಡಿಮೆ ಕೊಡುವ ಖಾಸಗಿ ಶಾಲೆಗಳಲ್ಲಿ ಒಳ್ಳೆಯ ಗಣಿತ ಶಿಕ್ಷಕರು ದೀಪಾವಳಿಯವರೆಗೂ ಉಳಿಯುವುದಿಲ್ಲ.

ಪ್ರಯೋಗಾಲಯದ ಪಿರಿಯಡ್ ವೇಳಾಪಟ್ಟಿಯಲ್ಲಿ ಹೆಸರು ಸಮೇತ ಇದೆಯೇ? ‘ಬೇಕಾದಾಗ ಕರೆದುಕೊಂಡು ಹೋಗುತ್ತೇವೆ’ ಎಂದರೆ ಕರೆದುಕೊಂಡು ಹೋಗುವುದಿಲ್ಲ. ಲ್ಯಾಬಿನ ಬೀಗ ತೆಗೆಸಿ ಒಳಗೆ ಹೋಗಿ. ಗಾಜಿನ ನಳಿಕೆಗಳ ಮೇಲೆ ಧೂಳು ಕೂತಿದೆಯೋ, ಮೇಜಿನ ಮೇಲೆ ಆಮ್ಲ ಚೆಲ್ಲಿದ ಕಲೆ ಇದೆಯೋ ನೋಡಿ. ಕಲೆ ಇರುವ ಲ್ಯಾಬು ಒಳ್ಳೆಯದು.

ಗ್ರಂಥಾಲಯಕ್ಕೂ ಇದೇ ಪರೀಕ್ಷೆ. ಪುಸ್ತಕ ಎಷ್ಟಿವೆ ಎಂದು ಕೇಳಬೇಡಿ, ಕಳೆದ ತಿಂಗಳು ಒಂಬತ್ತನೇ ತರಗತಿಯವರು ಮನೆಗೆ ಒಯ್ದ ಪುಸ್ತಕಗಳ ರಿಜಿಸ್ಟರ್ ತೋರಿಸಿ ಎನ್ನಿ.

ಇನ್ನು ಆಟ, ಚಿತ್ರಕಲೆ, ಸಂಗೀತ. ಎಂಟನೇ ತರಗತಿಯ ವೇಳಾಪಟ್ಟಿಯಲ್ಲಿ ಇವೆಲ್ಲ ಇರುತ್ತವೆ. ಹತ್ತನೆಯದರಲ್ಲಿ ಉಳಿದಿವೆಯೇ ಎಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ದೈಹಿಕ ಶಿಕ್ಷಣದ ಪಿರಿಯಡ್ಡನ್ನು ಗಣಿತ ನುಂಗಿರುತ್ತದೆ, ಅದು ಎಲ್ಲ ಕಡೆ ಇರುವ ರೋಗ. ಇನ್ನೂ ಕೆಟ್ಟದ್ದೆಂದರೆ ಒಂಬತ್ತನೇ ತರಗತಿಯ ಪಾಠವನ್ನು ಡಿಸೆಂಬರಿಗೆ ಮುಗಿಸಿ, ಜನವರಿಯಿಂದಲೇ ಹತ್ತನೆಯದನ್ನು ಶುರು ಮಾಡುವುದು. ಪೋಷಕರಿಗೆ ಇದು ಶಿಸ್ತಿನಂತೆ ಕಾಣುತ್ತದೆ. ಬಹುಪದಗಳು, ಬಲ ಮತ್ತು ಚಲನೆಯಂಥ ಪಾಠಗಳು ಅರೆಬೆಂದು ಉಳಿದಿರುತ್ತವೆ, ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಅದು ಬಯಲಾಗುತ್ತದೆ. ಒಂಬತ್ತನೇ ತರಗತಿಯ ಕೊನೆಯ ಪಾಠ ಯಾವ ತಿಂಗಳು ಮುಗಿಯುತ್ತದೆ ಎಂದು ನೇರವಾಗಿ ಕೇಳಿ.

ನೋಟ್‌ಬುಕ್ಕು ಮತ್ತು ಆಂತರಿಕ ಅಂಕ

ಪರಿಚಯದ ಯಾರಾದರೂ ಅಲ್ಲಿ ಓದುತ್ತಿದ್ದರೆ ಸಮಾಜ ವಿಜ್ಞಾನದ ನೋಟ್‌ಬುಕ್ ತರಿಸಿಕೊಂಡು ನೋಡಿ. ಇಬ್ಬರು ಹುಡುಗಿಯರ ಪುಸ್ತಕದಲ್ಲಿ ಅಕ್ಷರಶಃ ಒಂದೇ ಉತ್ತರ ಇದ್ದರೆ ಅದು ಕರಿಹಲಗೆಯಿಂದ ಇಳಿದದ್ದು. ಕೆಂಪು ಶಾಯಿಯಲ್ಲಿ ಬರೀ ಸರಿ ಗುರುತು ಇದೆಯೋ, ‘ಇದು ಏಕೆ ಹೀಗೆ?’ ಎಂಬಂಥ ಪ್ರಶ್ನೆಯೂ ಇದೆಯೋ ಗಮನಿಸಿ.

ರಾಜ್ಯ ಪಠ್ಯಕ್ರಮದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವೆ ನಡೆಯುವ), ಎರಡು ಸಂಕಲನಾತ್ಮಕ (ಅವಧಿಯ ಕೊನೆಗೆ ನಡೆಯುವ) ಮೌಲ್ಯಮಾಪನ ನಡೆಯುತ್ತವೆ. ಹತ್ತನೇ ತರಗತಿಯಲ್ಲಿ ನೂರು ಅಂಕದ ವಿಷಯಕ್ಕೆ 80 ಲಿಖಿತ ಪರೀಕ್ಷೆ, 20 ಆಂತರಿಕ. ಈ ಇಪ್ಪತ್ತು ಅಂಕ ಬಂದದ್ದು ಮಕ್ಕಳು ಕೈಯಾರೆ ಏನಾದರೂ ಮಾಡಲಿ ಎಂದು. ಇಡೀ ತರಗತಿಗೆ ಇಪ್ಪತ್ತಕ್ಕೆ ಇಪ್ಪತ್ತು ಹಂಚುವ ಶಾಲೆ ಅದನ್ನು ಪ್ರಸಾದ ಮಾಡಿಬಿಟ್ಟಿದೆ. ಹಳೆಯ ಪ್ರಾಜೆಕ್ಟುಗಳನ್ನು ತೋರಿಸಿ ಎಂದು ಕೇಳಿ. ಸ್ಟೇಷನರಿ ಅಂಗಡಿಯಿಂದ ತಂದ ಚಿತ್ರ ಅಂಟಿಸಿದ್ದರೆ ಮುಂದೆ ನಡೆಯಿರಿ. ಕಾರಂಜಿ ಕೆರೆಯ ಹಕ್ಕಿಗಳನ್ನು ಎಣಿಸಿದ್ದು, ತಮ್ಮ ಬೀದಿಯ ನೀರಿನ ಸರದಿ ಬರೆದಿಟ್ಟದ್ದು, ವಿಶ್ವೇಶ್ವರಯ್ಯ ನಾಲೆಯ ನೀರು ಬಂದು ಮಂಡ್ಯದ ಬೇಸಾಯ ಬದಲಾದದ್ದನ್ನು ಅಜ್ಜಿಯ ಬಾಯಿಂದ ಕೇಳಿ ಬರೆದದ್ದು ಸಿಕ್ಕಿದರೆ ಅಲ್ಲೇ ಕೂತು ಓದಿ.

ಮೈಸೂರಿನಂಥ ಊರಿನಲ್ಲಿ ಶಾಲೆಗೆ ನೆಪ ಹೇಳಲು ಅವಕಾಶವಿಲ್ಲ. ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ಭಾರತೀಯ ಭಾಷಾ ಸಂಸ್ಥಾನ, ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯ, 1916ರಲ್ಲಿ ಆರಂಭವಾದ ವಿಶ್ವವಿದ್ಯಾನಿಲಯ, ಎಲ್ಲವೂ ಊರಿನೊಳಗೇ ಇವೆ. ಮಂಡ್ಯದವರಿಗೆ ಕೃಷಿ ಸಂಶೋಧನೆಯ ವಿ.ಸಿ. ಫಾರಂ ಇದೆ. ಆದರೂ ಶೈಕ್ಷಣಿಕ ಪ್ರವಾಸವೆಂದು ಮಕ್ಕಳನ್ನು ವಾಟರ್ ಪಾರ್ಕಿಗೆ ಕರೆದೊಯ್ಯುತ್ತಾರೆ.

ಹೆಣ್ಣುಮಕ್ಕಳದ್ದೇ ಶಾಲೆ ಎಂದರೆ

ಮೈಸೂರಿಗೆ ಇದು ಹೊಸ ವಿಚಾರವಲ್ಲ. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1881ರಲ್ಲಿ, ಅರಮನೆಯ ಅಧಿಕಾರಿ ಅಂಬಳೆ ನರಸಿಂಹ ಅಯ್ಯಂಗಾರರ ಮುತುವರ್ಜಿಯಿಂದ ಇಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಶುರುವಾಯಿತು. ಮನೆಯವರು ಒಪ್ಪಿ ಕಳಿಸಲಿ ಎಂದು ಸಂಗೀತಕ್ಕೂ ಅಲ್ಲಿ ಜಾಗವಿತ್ತು. ಹುಡುಗಿಯರಿಗೆ ಏನು ಕಲಿಸಬೇಕು ಎಂಬುದನ್ನು ಮನೆಯವರ ಮುಖ ನೋಡಿ ತೀರ್ಮಾನಿಸುವ ಅಭ್ಯಾಸ ಇಂದಿಗೂ ಪೂರ್ತಿ ಹೋಗಿಲ್ಲ.

ಬಾಲಿಕಾ ಶಾಲೆಯ ದೊಡ್ಡ ಲಾಭವೆಂದರೆ ಮೈಕ್ ಜೋಡಿಸುವವಳೂ, ಬ್ಯಾಟರಿ ಸಂಪರ್ಕ ಕೊಡುವವಳೂ, ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವವಳೂ ಹುಡುಗಿಯೇ ಆಗಿರುವುದು. ಪ್ರಾರ್ಥನೆಯ ಹೊತ್ತಿಗೆ ಹೋಗಿ ನಿಂತು ನೋಡಿ. ಇದನ್ನೆಲ್ಲ ಅಟೆಂಡರ್ ಮಾಡಿ, ಹುಡುಗಿಯರು ಕೈಕಟ್ಟಿ ಸಾಲಿನಲ್ಲಿ ನಿಂತಿದ್ದರೆ ಆ ಲಾಭ ಅಲ್ಲಿಲ್ಲ. ‘ನಮ್ಮಲ್ಲಿ ಶಿಸ್ತು ತುಂಬಾ’ ಎಂದು ಹೇಳಿದ ಕೂಡಲೇ ಎರಡು ಜಡೆ, ರಿಬ್ಬನ್ನಿನ ಮಾತು ಬರುತ್ತದೆಯೋ, ಮನೆಗೆಲಸ ತಿದ್ದುವ ದಿನದ ಮಾತು ಬರುತ್ತದೆಯೋ ಕೇಳಿಸಿಕೊಳ್ಳಿ. ಶೌಚಾಲಯವನ್ನು ಬೆಳಿಗ್ಗೆ ನೋಡಬೇಡಿ, ಮಧ್ಯಾಹ್ನದ ಊಟದ ನಂತರ ನೋಡಿ. ನೀರಿಲ್ಲದ ಶಾಲೆಯಲ್ಲಿ ಮಕ್ಕಳು ಇಡೀ ದಿನ ನೀರು ಕುಡಿಯುವುದನ್ನೇ ಬಿಡುತ್ತಾರೆ.

ಹಿಂದಿನ ವರ್ಷ ಪಾಸಾದವರು ಪಿಯುಸಿಯಲ್ಲಿ ಏನು ಆರಿಸಿದರು ಎಂಬುದನ್ನೂ ವಿಚಾರಿಸಿ. ವಿಜ್ಞಾನ, ವಾಣಿಜ್ಯ, ಕಲೆ ಮೂರಕ್ಕೂ ಹರಡಿಕೊಂಡಿದ್ದರೆ ಒಳ್ಳೆಯದು. ಶಾಲೆಯ ಶಿಕ್ಷಕರೇ ಸಂಜೆ ಮನೆಪಾಠ ನಡೆಸುತ್ತಿದ್ದರೆ ಅದು ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ನಿಗೆ ವಿರುದ್ಧ. ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧವನ್ನು ಮನೆಯಲ್ಲಿ ಮಾರುವ ವ್ಯವಸ್ಥೆ ಅಲ್ಲಿಂದಲೇ ಹುಟ್ಟುತ್ತದೆ.

ದೂರ, ಕೊನೆಗೆ ಟಿ.ಸಿ.

ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯದಿಂದ ಮೈಸೂರಿಗೆ ಮಗಳನ್ನು ಕಳಿಸುವವರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚಿಲ್ಲ. ಸಮಯದ ಖರ್ಚು ಹಾಗೇ ಇದೆ. ಒಂದು ಸೋಮವಾರ ಬೆಳಿಗ್ಗೆ ಅವಳ ಜೊತೆಗೇ ಹೋಗಿ ಬಂದು ತೀರ್ಮಾನಿಸಿ.

ಶಾಲೆ ಗೊತ್ತಾದ ಮೇಲೆ ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ (ಟಿ.ಸಿ.) ತರುವಾಗ ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಸಂಖ್ಯೆ, ಸರಿಯಿದೆಯೇ ನೋಡಿ. ಮಗಳ ಹೆಸರು, ಇನಿಷಿಯಲ್, ಜನ್ಮದಿನಾಂಕ, ತಂದೆ ತಾಯಿಯ ಹೆಸರು ಆಧಾರ್‌ನಲ್ಲಿಯೂ ಟಿ.ಸಿ.ಯಲ್ಲಿಯೂ ಒಂದೇ ರೀತಿ ಇರಲಿ. ಹತ್ತನೇ ತರಗತಿಯ ಅಂಕಪಟ್ಟಿ ಅಚ್ಚಾದ ಮೇಲೆ ಒಂದಕ್ಷರ ತಿದ್ದಿಸಲು ಅರ್ಜಿ, ಅಫಿಡವಿಟ್ಟು ಎಂದು ಅಲೆಯಬೇಕಾಗುತ್ತದೆ. ಎಂಟನೇ ತರಗತಿಗೆ ಸೇರಿಸುವಾಗಲಾದರೆ ಅದು ಕಚೇರಿಯಲ್ಲಿ ಹತ್ತು ನಿಮಿಷದ ಕೆಲಸ.